ಹೊಳೆವ್ವ ಹೊತ್ತ ದಣಿವು

ಅವ್ವನ ಮಣ್ಣು ಮುಗಿದ ನಾಲ್ಕನೆಯ ದಿನ ಅಪ್ಪ ಗಿರಣಿಗೆ ಹೋದ. ಸಂಜೆ ಪಾಳಿ ಬಿಡುವ ಭೋಂಗಾ ಕೂಗಿದ ಮೇಲೆ ಗಿರಣಿ ಚಾಳದ ಗಂಡಸರೆಲ್ಲ ತಲೆಗೂದಲಿಗೆ ಹತ್ತಿಯ ಎಳೆ ಮೆತ್ತಿಕೊಂಡು, ಕಾಲೆಳೆಯುತ್ತ ಓಣಿಗೆ ಬಂದರು. ಅವರ ನಡುವೆ ಅಪ್ಪನೂ ಬಂದ. ಕೈಕಾಲು ತೊಳೆದು ಹೊಸ್ತಿಲ ಮೇಲೆ ಕೂತು, ಎರಡೂ ಅಂಗೈಗಳನ್ನು ಮೇಲೆ ಮಾಡಿ ಮುಂದಕ್ಕೆ ಚಾಚಿದ. ಹಿಡಿಯುವವಳು ಇಲ್ಲ ಎನ್ನುವುದು ಚಾಚಿದ ಮೇಲೆ ಅವನಿಗೆ ನೆನಪಾಯಿತು. ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಪ್ಪತ್ತು ವರ್ಷದ ರೂಢಿ. ಚಾಚಿದ ಕೈಯನ್ನು ಹಾಗೆಯೇ ಮಡಚಿಕೊಳ್ಳುವುದು ಅವನಿಗೆ ಗೊತ್ತಿರಲಿಲ್ಲವೇನೋ. ಎದುರು ಸಾಲಿನ ಬಾಗಿಲುಗಳಲ್ಲಿ ಒಬ್ಬೊಬ್ಬ ಹೆಂಗಸು ಒಬ್ಬೊಬ್ಬ ಗಂಡಸಿನ ಕೈ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಅಪ್ಪ ಒಬ್ಬನೇ ಭಿಕ್ಷೆಗೆ ಬಂದವನ ಹಾಗೆ ಕೂತಿದ್ದ.

ಅಕ್ಕ ಒಳಗೆ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಅವಳ ಹೆಸರು ಹೊಳೆವ್ವ. ಆಗ ಅವಳಿಗೆ ಹದಿನೇಳು, ನನಗೆ ಹದಿಮೂರು. ಅವಳು ಅಪ್ಪನ ಬೆನ್ನನ್ನು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಬಂದು ಅವನ ಎದುರು ಕುಕ್ಕರುಗಾಲಲ್ಲಿ ಕೂತಳು.

"ತಾ ಇಲ್ಲೆ," ಅಂದಳು.

"ನಿನಗ ಬರತೈತೇನವ್ವ?" ಅಪ್ಪ ಕೇಳಿದ.

"ಅವ್ವಗರ ಯಾರು ಕಲಿಸಿದ್ರು?"

ಅಪ್ಪನ ಕೈ ಅವಳ ಕೈಗೆ ಬಿತ್ತು. ಒಂದು ಚಹಾ ಕುದಿಯುವಷ್ಟು ಹೊತ್ತು ಇಬ್ಬರೂ ಹಾಗೆಯೇ ಇದ್ದರು. ಅಪ್ಪನ ಹೆಗಲು ನೆಟ್ಟಗಾಯಿತು, ಮುಖಕ್ಕೆ ಕಳೆ ಬಂತು, ಮುಂಜಾನೆ ಎದ್ದವನ ಹಾಗೆ ಮೈಮುರಿದು ಎದ್ದು ನಿಂತ. ಅಕ್ಕ ಗೋಡೆ ಹಿಡಿದುಕೊಂಡು ಎದ್ದಳು. ಆ ದಿನ ರೊಟ್ಟಿ ಬಡಿಯುವಾಗ ಎರಡು ಸಲ ಅವಳ ಕತ್ತು ತೂಕಡಿಕೆಗೆ ವಾಲಿದ್ದನ್ನು ನಾನು ನೋಡಿದೆ. ನಮಗೆಲ್ಲ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮನೆಗೆ ಮತ್ತೆ ಒಬ್ಬಳು ಹೆಂಗಸು ಸಿಕ್ಕಳು ಎಂದು ನೆರೆಯವರು ಸಮಾಧಾನಪಟ್ಟರು.

ನಮ್ಮ ಊರು ಇದ್ದದ್ದೇ ಹಾಗೆ. ದಣಿವು ಗಿರಣಿಯಲ್ಲಿ ಗಂಡಸರ ಮೈಗೆ ಹತ್ತುತ್ತಿತ್ತು, ಹೊಸ್ತಿಲಲ್ಲಿ ಹೆಂಗಸರ ಕೈಗೆ ಇಳಿಯುತ್ತಿತ್ತು. ಅದಕ್ಕೆ 'ಇಳಿಸೋದು' ಅನ್ನುತ್ತಿದ್ದರು. ಇಳಿಸಿದ ಮೇಲೆ ಗಂಡಸರು ಗರಡಿಗೆ ಹೋಗುವರು, ಭಜನೆಗೆ ಕೂಡುವರು, ಚಹಾದ ಅಂಗಡಿಯ ಮುಂದೆ ನಿಂತು ನಗುವರು. ನಳದ ಮುಂದೆ ಕೊಡ ಹಿಡಿದ ಹೆಂಗಸರು ನಿಂತಲ್ಲೇ ನಿದ್ದೆ ಹೋಗುವರು. ಕೊಡ ತುಂಬಿ ಹರಿಯುವಾಗ ಹಿಂದಿನವಳು ಮುಂದಿನವಳನ್ನು ಮೊಣಕೈಯಿಂದ ತಿವಿದು ಎಬ್ಬಿಸುವಳು. ಹೆಣ್ಣಿನ ಮೈಯೊಳಗೆ ದಣಿವು ಉಪ್ಪಿನ ಹಾಗೆ ಕರಗಿಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. "ಹೆಣ್ಣು ಅಂದ್ರ ಕೆರಿ ಇದ್ದಂಗ, ಎಷ್ಟು ಹರದು ಬಂದ್ರೂ ಹಿಡಿಸತೈತಿ," ಎಂದು ಅಪ್ಪನೇ ಎಷ್ಟೋ ಸಲ ಹೇಳುತ್ತಿದ್ದ. ನಮ್ಮೂರಲ್ಲಿ ಅಜ್ಜಂದಿರು ಬಹಳ, ಅಜ್ಜಿಯರು ಕಡಿಮೆ. ಯಾಕೆ ಹೀಗೆ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ವರ್ಷಕ್ಕೊಮ್ಮೆ ಗಿರಣಿಯ ಪೂಜೆಯ ದಿನ ಧಣಿಗಳು ಪ್ರತಿ ಮನೆಗೂ ಒಂದು ಸೀರೆ ಕಳಿಸುತ್ತಿದ್ದರು. ಅವರ ಪರವಾಗಿ ಒಬ್ಬರು ಬಂದು, ಗಿರಣಿಯ ಬುನಾದಿ ಕಲ್ಲಿನದಲ್ಲ, ನಮ್ಮ ತಾಯಂದಿರದು ಎಂದು ಭಾಷಣ ಮಾಡುತ್ತಿದ್ದರು. ಕೇಳುತ್ತ ಕೂತ ತಾಯಂದಿರಲ್ಲಿ ಅರ್ಧ ಜನ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಮಾಡುತ್ತಿದ್ದರು. ಗಂಡಸರು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ನನಗೆ ಹತ್ತೊಂಬತ್ತಾದಾಗ ಕೆಲಸ ಕೇಳಲು ಗಿರಣಿಯ ಮುಕಾದಮ ರುದ್ರಗೌಡರ ಮುಂದೆ ಹೋಗಿ ನಿಂತೆ. ಅವರು ನನ್ನ ಕೈಯನ್ನೂ ನೋಡಲಿಲ್ಲ, ತೋಳನ್ನೂ ನೋಡಲಿಲ್ಲ.

"ಮನ್ಯಾಗ ಯಾರದಾರ?" ಅಂದರು.

"ಅಕ್ಕ ಅದಾಳ್ರಿ."

"ಈಗ ಯಾರ್ದು ಇಳಸ್ತಾಳ?"

"ಅಪ್ಪಂದ್ರಿ."

"ಇಬ್ಬರದು ತಡಕೋತಾಳೇನು?"

"ತಡಕೋತಾಳ್ರಿ," ಅಂದೆ. ನಾನು ಅವಳನ್ನು ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದಿರಲೂ ಇಲ್ಲ. ಕೈ ಹಿಡಿಯುವವರಿಲ್ಲದ ಗಂಡಸಿಗೆ ಗಿರಣಿಯಲ್ಲಿ ಕೆಲಸವಿಲ್ಲ, ಚಾಳದಲ್ಲಿ ಇರಲು ಖೋಲಿಯಿಲ್ಲ. ನನಗೆ ಅಕ್ಕ ಇದ್ದಳು, ಅಷ್ಟೇ.

ಮೊದಲ ದಿನದ ಪಾಳಿ ಮುಗಿಸಿ ಬಂದಾಗ ನನ್ನ ಕಾಲು ನನ್ನವು ಅನ್ನಿಸುತ್ತಿರಲಿಲ್ಲ. ಅಪ್ಪನದು ಇಳಿಸಿ ಆದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಅವಳ ಅಂಗೈ ಬೆಚ್ಚಗಿತ್ತು, ಬೆರಳ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿತ್ತು. ಹೆಗಲಿನಿಂದ ಏನೋ ಜಾರಿ, ಮೊಣಕೈ ದಾಟಿ, ಬೆರಳ ತುದಿಗೆ ಬಂದು ಹೋಗಿಬಿಟ್ಟಿತು. ಎಷ್ಟು ಹಗುರಾಯಿತೆಂದರೆ ನನಗೆ ನಗು ಬಂತು. ಗೆಳೆಯರು ಓಣಿಯ ತುದಿಯಿಂದ ಕರೆಯುತ್ತಿದ್ದರು. ಎದ್ದು ಓಡಿದೆ. ತಿರುಗಿ ನೋಡಲಿಲ್ಲ. ಮುಂದಿನ ಹತ್ತೊಂಬತ್ತು ವರ್ಷದಲ್ಲಿ ಹಾಗೆ ತಿರುಗಿ ನೋಡದೆ ಹೋದ ಸಂಜೆಗಳನ್ನು ಈಗ ನೆನೆಸಿಕೊಂಡರೆ ಊಟ ಸೇರುವುದಿಲ್ಲ.

ಅಕ್ಕನಿಗೆ ಇಪ್ಪತ್ತೈದಾದ ಬೇಸಿಗೆಯಲ್ಲಿ ಕಲಾಯಿಯ ದುರಗಪ್ಪ ನಮ್ಮ ಚಾಳಕ್ಕೆ ಬಂದ. ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವ. ಹುಣಸೆ ಮರದ ಕೆಳಗೆ ಕುಳಿ ತೋಡಿ, ತಿದಿ ಒತ್ತಿ ಕೆಂಡ ಮಾಡಿ, ಇಡೀ ದಿನ ಹೊಗೆಯಲ್ಲಿ ಕೂರುತ್ತಿದ್ದ. ಅಕ್ಕ ಅಡಿಗೆಯ ಪಾತ್ರೆ ಕೊಟ್ಟು ಬರಲು ಹೋದಾಗ ಅವನು ದೊಡ್ಡದಾಗಿ ಆಕಳಿಸಿದನಂತೆ. ಅವಳು ಅಲ್ಲಿಯವರೆಗೆ ಸಂಜೆ ಹೊತ್ತು ಆಕಳಿಸುವ ಗಂಡಸನ್ನು ಕಂಡಿರಲಿಲ್ಲ.

"ಯಾಕ್ರಿ, ಮನ್ಯಾಗ ಕೈ ಹಿಡಿಯೋರು ಇಲ್ಲೇನು?" ಎಂದು ಕೇಳಿದಳಂತೆ.

"ಇದ್ರೂ ಕೊಡಂಗಿಲ್ರಿ," ಅಂದನಂತೆ ಅವನು. "ಊಟ ಮಾಡಿ ಒಂದು ನಿದ್ದಿ ತಗದ್ರ ಹೋಗತೈತಿ."

ಅಕ್ಕ ಅದನ್ನು ಮನೆಗೆ ಬಂದು ನಮಗೆ ಹೇಳಿ ನಕ್ಕಳು. ನಿದ್ದೆಯಿಂದ ದಣಿವು ಹೋಗುತ್ತದೆ ಅನ್ನುವ ಮಾತು ನಮ್ಮೂರಲ್ಲಿ ನಗೆಯ ಮಾತೇ. ದುರಗಪ್ಪ ಹೊತ್ತು ಮುಳುಗುವ ಮೊದಲೇ ಮರದ ಬೇರಿಗೆ ತಲೆ ಕೊಟ್ಟು ಮಲಗಿದ. ಚಾಳದ ಹುಡುಗರೆಲ್ಲ ಸುತ್ತ ನಿಂತು, ಗೊರಕೆ ಹೊಡೆಯುವ ಗಂಡಸನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಅಕ್ಕ ಹೋಗಿ ಅವರನ್ನು ಗದರಿಸಿ ಓಡಿಸಿದಳು. ಆಮೇಲೂ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದಳು. ಮರುದಿನ ಮುಂಜಾನೆ ಅವನು ಎದ್ದು, ಮುಖ ತೊಳೆದು, ಹಾಡುತ್ತ ತಿದಿ ಒತ್ತುತ್ತಿದ್ದದ್ದನ್ನು ನಳಕ್ಕೆ ಹೋಗುವ ಎಲ್ಲ ಹೆಂಗಸರೂ ನೋಡಿದರು.

ಆ ವರ್ಷ ಅವನು ಮೂರು ಸಲ ಬಂದ. ನಮ್ಮ ಚಾಳದಲ್ಲಿ ಅಷ್ಟು ಕಲಾಯಿಯ ಕೆಲಸವಿರಲಿಲ್ಲ. ಮೂರನೆಯ ಸಲ ಬಂದಾಗ ಗರಡಿಯ ಹತ್ತಿರ ನನ್ನನ್ನು ನಿಲ್ಲಿಸಿದ.

"ಅಡಿವೆಪ್ಪ, ನಿಮ್ಮ ಅಕ್ಕಾರನ್ನ ನನಗ ಕೊಡ್ರಿ," ಅಂದ. "ನಂದು ನಾನ ಇಟಗೋತೀನಿ. ಕೂಡಿ ಕುಂತು ರೊಟ್ಟಿ ತಿನ್ನಾಕ, ನಾಕು ಮಾತಾಡಾಕ ಒಬ್ರು ಬೇಕು ನನಗ. ಅಷ್ಟ."

"ಅಕ್ಕನ್ನ ಕೇಳಿ ಹೇಳ್ತೀನಿ," ಅಂದೆ.

ಅವತ್ತಿನಿಂದ ಎರಡು ದಿನ ನಾನು ಅಕ್ಕನ ಮುಖ ನೋಡಲಿಲ್ಲ. ಅವಳು ಹೋದರೆ ಮರುದಿನವೇ ಅಪ್ಪನ ಮತ್ತು ನನ್ನ ಹೆಸರು ಗಿರಣಿಯ ಪಟ್ಟಿಯಿಂದ ಹೋಗುತ್ತದೆ, ತಿಂಗಳಲ್ಲಿ ಖೋಲಿ ಹೋಗುತ್ತದೆ. ಅಪ್ಪನಿಗೆ ಹೇಳಿದೆ. ಅಪ್ಪ ಬೀಡಿ ಹಚ್ಚಿದ. "ನೀ ನೋಡಪಾ," ಅಂದ, ಅಷ್ಟೇ. ಅವನು ಕೆಟ್ಟವನಲ್ಲ. ಅವಳಿಗೆ ವರ್ಷವರ್ಷವೂ ಬಳೆ ತರುತ್ತಿದ್ದ, ಜ್ವರ ಬಂದರೆ ತಾನೇ ಗಂಜಿ ಕಾಯಿಸುತ್ತಿದ್ದ. ಆದರೆ ಸಂಜೆಯಾದರೆ ಕೈ ಚಾಚುತ್ತಿದ್ದ. ಮೂರನೆಯ ದಿನ ನಾನು ದುರಗಪ್ಪನ ಹತ್ತಿರ ಹೋಗಿ, "ಅಕ್ಕನ್ನ ಕೇಳೀನಿ. ಊರೂರು ತಿರುಗೋ ಬಾಳೇವು ಒಲ್ಲೆ ಅಂದ್ಲು," ಅಂದೆ. ಅವನು ಕೆಂಡದ ಮೇಲೆ ನೀರು ಚೆಲ್ಲಿದ. ಮಾರನೆಯ ದಿನ ಮರದ ಕೆಳಗೆ ಬೂದಿಯ ಕುಳಿ ಮಾತ್ರ ಇತ್ತು.

ಅಕ್ಕ ಏನೂ ಕೇಳಲಿಲ್ಲ. ಅವನು ಮತ್ತೆ ಬರಲಿಲ್ಲ. ನನ್ನ ಲಗ್ನವಾಗಲಿ, ಆಮೇಲೆ ಅಕ್ಕನಿಗೆ ಒಳ್ಳೆಯ ಕಡೆ ನೋಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಕಾಶವ್ವ ನನ್ನ ಹೆಂಡತಿಯಾಗಿ ಬಂದಳು. ನನ್ನದು ಅವಳು ಹಿಡಿದಳು, ಅಪ್ಪನದು ಅಕ್ಕ. ಎರಡು ಸಲ ಕಾಶವ್ವನ ಬಸಿರು ನಿಲ್ಲಲಿಲ್ಲ. ಮೂರನೆಯ ಸಲ ಮಗಳು ಮಲ್ಲವ್ವ ಹುಟ್ಟಿದಳು. ಹೆರಿಗೆ ಮಾಡಿಸಿದ ಸೂಲಗಿತ್ತಿ ನನ್ನನ್ನು ಹೊರಗೆ ಕರೆದು, ಇನ್ನು ಇವಳ ಕೈಗೆ ಕೊಟ್ಟರೆ ಇವಳು ಉಳಿಯುವುದಿಲ್ಲ ಎಂದು ಹೇಳಿದಳು. ನಾನು ಏನು ಮಾಡಲಿ ಎಂದು ಒಳಗೆ ಬಂದಾಗ ಅಕ್ಕ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ತಲೆ ಎತ್ತದೆ, "ಇರಲಿ ಬಿಡು. ನನಗ ರೂಢಿ ಐತಿ," ಅಂದಳು. ಆ ವರ್ಷವೇ ಅಪ್ಪ ಗಿರಣಿ ಬಿಟ್ಟ. ಮತ್ತೆ ಏಳು ವರ್ಷ ಗಟ್ಟಿಮುಟ್ಟಾಗಿ ಬದುಕಿ, ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಚೌಕಾಬಾರ ಆಡುತ್ತ ಆಡುತ್ತ ಹೋಗಿಬಿಟ್ಟ.

ಮಲ್ಲವ್ವನಿಗೆ ಹನ್ನೆರಡು ತುಂಬಿದಾಗ ಅಕ್ಕನಿಗೆ ನಲವತ್ತೆರಡು. ನೋಡಿದವರು ನನ್ನ ತಾಯಿ ಅನ್ನುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ತುತ್ತು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದಳು; ಮಲ್ಲವ್ವ "ಅತ್ತಿ, ನುಂಗು" ಎಂದು ಗಲ್ಲ ತಟ್ಟುತ್ತಿದ್ದಳು. ಅತ್ತೆ ಸೊಸೆ ಇಬ್ಬರಿಗೂ ಬಹಳ ಪ್ರೀತಿ. ಹುಡುಗಿಗೆ ಓಡುವ ಹುಚ್ಚು. ಓಣಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಕಾರಣವಿಲ್ಲದೆ ಓಡುತ್ತಿದ್ದಳು. ಅಕ್ಕ ಬಾಗಿಲಿಗೆ ಒರಗಿ ಅದನ್ನು ನೋಡುವಾಗ ಮಾತ್ರ ಅವಳ ಕಣ್ಣು ಪೂರ್ತಿ ತೆರೆದಿರುತ್ತಿದ್ದವು.

ಆ ಮಳೆಗಾಲ ಗಿರಣಿಗೆ ಹೊಸ ಯಂತ್ರಗಳು ಬಂದವು. ಒಬ್ಬೊಬ್ಬರಿಗೆ ಎರಡೆರಡು ಯಂತ್ರ ವಹಿಸಿದರು. ಇನ್ನು ಒಬ್ಬಳ ಕೈಗೆ ಒಬ್ಬನ ದಣಿವು ಹಿಡಿಸುವುದಿಲ್ಲ, ಪ್ರತಿ ಮನೆಯಲ್ಲಿ ಇಬ್ಬರು ಬೇಕು ಎಂದು ಮಾತು ಬಂತು. ಮುಕಾದಮರು ನನ್ನ ಹೆಗಲ ಮೇಲೆ ಕೈ ಇಟ್ಟು, "ನಿನಗೇನು ತ್ರಾಸ? ಮಗಳು ದೊಡ್ಡಾಕಿ ಆದ್ಲಲ್ಲ," ಅಂದರು. ಮನೆಗೆ ಬಂದು ಊಟಕ್ಕೆ ಕೂತಾಗ ಅದನ್ನೇ ಹೇಳಿದೆ. ಕಾಶವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಮಲ್ಲವ್ವನಿಗೆ ಖುಷಿಯೇ ಆಯಿತು. ದೊಡ್ಡವರ ಕೆಲಸ ತನಗೆ ಬಂತು ಅಂತ.

"ಅತ್ತಿ, ಹೆಂಗ ಹಿಡಿಯೋದು ಹೇಳಿಕೊಡು," ಎಂದಳು.

ಅಕ್ಕ ತುತ್ತು ನುಂಗಿ, ತಟ್ಟೆ ಎತ್ತಿಕೊಂಡು ಹೋದಳು.

ಮಾರನೆಯ ಸಂಜೆ ನಾನು ಹೊಸ್ತಿಲ ಮೇಲೆ ಕೂತು ಮಲ್ಲವ್ವನನ್ನು ಕರೆದೆ. ಅವಳು ಕೈ ತೊಳೆದು, ಸಾಲಿಯಲ್ಲಿ ಕೂರುವ ಹಾಗೆ ನೆಟ್ಟಗೆ ಬಂದು ಕೂತಳು. ಅಷ್ಟರಲ್ಲಿ ಅಕ್ಕ ಗೋಡೆ ಹಿಡಿಯುತ್ತ ಬಂದು, ಹುಡುಗಿಯ ತೋಳು ಹಿಡಿದು ಎಬ್ಬಿಸಿ, "ಹೋಗು, ಆಡು ಹೋಗು," ಅಂದಳು. ತಾನು ಅಲ್ಲಿ ಕೂತು ನನ್ನ ಎರಡೂ ಕೈ ಹಿಡಿದಳು. ನಾನು ಕಣ್ಣು ಮುಚ್ಚಿದೆ. ಚಹಾ ಕುದಿಯುವಷ್ಟು ಹೊತ್ತಾಯಿತು, ಎರಡು ಚಹಾ ಕುದಿಯುವಷ್ಟಾಯಿತು. ಹೆಗಲಿನ ಭಾರ ಹೆಗಲಲ್ಲೇ ಇತ್ತು.

"ಅಕ್ಕಾ, ಯಾಕ ಇಳಿವಲ್ದು? ಮೈಯಾಗ ಆರಾಮಿಲ್ಲೇನು?"

"ನಾ ತಗೋವಲ್ಲೆ," ಅಂದಳು.

ನನಗೆ ಅರ್ಥವಾಗಲಿಲ್ಲ. ದಣಿವು ತಾನಾಗಿಯೇ ಇಳಿಯುತ್ತದೆ, ನೀರು ತಗ್ಗಿಗೆ ಹರಿಯುವ ಹಾಗೆ, ಎಂದು ನಾನು ಹುಟ್ಟಿದಾಗಿನಿಂದ ತಿಳಿದಿದ್ದೆ. ಅದನ್ನು ಯಾರೋ ತೆಗೆದುಕೊಳ್ಳುತ್ತಾರೆ ಎಂದು, ತೆಗೆದುಕೊಳ್ಳದೆಯೂ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ.

"ಮಲ್ಲಿ ಕೈಗೆ ಕೊಡಬ್ಯಾಡ," ಅಂದಳು. "ನಾನೂ ತಗೋಳಂಗಿಲ್ಲ. ನಾ ತಗೊಂಡ್ರ ನನ್ನ ಹಿಂದ ಆಕಿ ಬಂದು ಕುಂದ್ರತಾಳ."

"ನಾಳೆ ಪಾಳಿಗೆ ಹೆಂಗ ಹೋಗ್ಲಿ?"

"ಹಿಂಗ ಹೋಗು."

ಹಾಗೆಯೇ ಹೋದೆ. ಹೊಸ ಯಂತ್ರಗಳ ದಣಿವನ್ನು ಮೈಯಲ್ಲಿಟ್ಟುಕೊಂಡು ಮಲಗಿದೆ, ಅದರ ಜೊತೆಗೇ ಎದ್ದೆ. ಮೊಣಕಾಲ ಹಿಂದೆ, ಕಣ್ಣ ಗುಡ್ಡೆಯ ಹಿಂದೆ, ಹಲ್ಲಿನ ಬುಡದಲ್ಲಿ ಅದು ಕೂತಿತ್ತು. ಒಂದು ಮಾತು ಪೂರ್ತಿ ಕೇಳಿಸಿಕೊಳ್ಳುವುದೂ ಕಷ್ಟವಾಗುತ್ತಿತ್ತು. ಎರಡನೆಯ ದಿನ ಊಟದಲ್ಲಿ ಚಟ್ನಿಗೆ ಉಪ್ಪು ಹೆಚ್ಚಾಗಿದೆ ಎಂದು ತಟ್ಟೆಯನ್ನು ಗೋಡೆಗೆ ಎಸೆದೆ. ಕಾಶವ್ವ ಮಲ್ಲವ್ವನನ್ನು ಮಗ್ಗುಲಿಗೆ ಎಳೆದುಕೊಂಡಳು. ಅಕ್ಕನ ಕಡೆ ನೋಡಿದೆ. ತಟ್ಟೆ ಬಿದ್ದದ್ದು ಅವಳ ಕಾಲ ಬುಡದಲ್ಲೇ. ಅವಳಿಗೆ ಎಚ್ಚರವಾಗಿರಲಿಲ್ಲ. ಗೋಡೆಗೆ ಒರಗಿದವಳು ಒರಗಿದ ಹಾಗೆಯೇ, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದಳು. ನನ್ನ ಮೈಯಲ್ಲಿದ್ದದ್ದು ಎರಡೇ ದಿನದ್ದು. ಅವಳ ಮೈಯಲ್ಲಿ ಇಪ್ಪತ್ತೈದು ವರ್ಷದ್ದಿತ್ತು, ಅದರಲ್ಲಿ ಕೆಲವು ವರ್ಷ ಇಬ್ಬರದಿತ್ತು. ನಾನು ಎದ್ದು ಹೋಗಿ ಬಿದ್ದ ರೊಟ್ಟಿಯ ಚೂರುಗಳನ್ನು ಆರಿಸಿದೆ. ನಾನು ಹಾಗೆ ನೆಲಕ್ಕೆ ಬಾಗಿದ್ದು ಅದೇ ಮೊದಲು.

ನಾಲ್ಕನೆಯ ದಿನ ನನ್ನ ಯಂತ್ರದಲ್ಲಿ ಎಳೆ ಮೇಲೆ ಎಳೆ ಹರಿಯಿತು. ಆರನೆಯ ದಿನ ಮುಕಾದಮರು ಕರೆದು, "ಮನಿ ಸರಿ ಮಾಡಿಕೊಂಡು ಬಾ," ಎಂದು ಹೇಳಿ ಕಳಿಸಿದರು. ಹದಿನೈದು ದಿನದೊಳಗೆ ಖೋಲಿ ಖಾಲಿ ಮಾಡುವಂತೆ ಚೀಟಿ ಬಂತು. ಹೊಳೆವ್ವ ತಮ್ಮನ ಮನೆ ಮುರಿದಳು ಎಂದು ಗಂಡಸರು ಅಂದರು. ಹೆಂಗಸರು ಅದಕ್ಕಿಂತ ಜೋರಾಗಿ ಅಂದರು. ನಳದ ಹತ್ತಿರ ಅವಳ ಕೊಡವನ್ನು ಸರದಿಯಿಂದ ಹಿಂದಕ್ಕೆ ಇಟ್ಟರು. ನಾವು ಸಾಮಾನು ಕಟ್ಟುತ್ತಿದ್ದ ದಿನ ಪಕ್ಕದ ಖೋಲಿಯ ಶಿವಗಂಗವ್ವ ಮಾತ್ರ ಒಳಗೆ ಬಂದಳು. ಇಪ್ಪತ್ತರ ಆಸುಪಾಸಿನ ಹುಡುಗಿ, ಗಂಡ ಗಿರಣಿಯಲ್ಲಿ, ಸೊಂಟದ ಮೇಲೆ ಕೂಸು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಹೊಳೆವ್ವಕ್ಕ, ಖರೇನ ತಗೋಳದ ಇರಾಕ ಬರತೈತೇನು?"

"ಬರತೈತಿ," ಅಂದಳು ಅಕ್ಕ.

ಶಿವಗಂಗವ್ವ ಕೂಸಿನ ಮೂಗು ಒರೆಸಿದಳು. ಬಾಗಿಲ ಕಡೆ ಮತ್ತೊಮ್ಮೆ ನೋಡಿ ಹೋದಳು.

ಊರ ಹೊರಗೆ ಕಲ್ಲಿನ ಕಣಿಯ ಪಕ್ಕ ತಗಡಿನ ಗುಡಿಸಲು ಹಾಕಿಕೊಂಡೆವು. ನಾನು ಚಕ್ಕಡಿಗಳಿಗೆ ಕಲ್ಲು ಹೇರುವ ಕೆಲಸಕ್ಕೆ ಸೇರಿದೆ. ಕಾಶವ್ವ ಜಲ್ಲಿ ಒಡೆದಳು. ಹೊಟ್ಟೆಗೆ ಕಡಿಮೆ ಬಿತ್ತು. ಮಲ್ಲವ್ವನ ಸಾಲಿ ಬಿಟ್ಟಿತು. ಆದರೆ ಅವಳು ಕಣಿಯ ಮಣ್ಣಿನ ದಿಬ್ಬಗಳ ಮೇಲೆ ಓಡುತ್ತಿದ್ದಳು, ಮೊದಲಿಗಿಂತ ಜೋರಾಗಿ. ದಣಿದ ಗಂಡಸು ಹೇಗೆ ಬದುಕುತ್ತಾನೆ ಎನ್ನುವುದನ್ನು ನಾನು ಮೂವತ್ತೆಂಟನೆಯ ವಯಸ್ಸಿನಲ್ಲಿ ಕಲಿತೆ: ಬೇಗ ಉಂಡು, ಬೇಗ ಮಲಗಿ, ಸಿಟ್ಟು ಬಂದಾಗ ಹೊರಗೆ ಹೋಗಿ ನಿಂತು.

ತೆಗೆದುಕೊಳ್ಳುವುದನ್ನು ನಿಲ್ಲಿಸಿದರೆ ಅಕ್ಕ ಚೇತರಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆವು. ಹಾಗಾಗಲಿಲ್ಲ. ದುರಗಪ್ಪ ಹೇಳಿದ ಹಾಗೆ ನಿದ್ದೆಯಿಂದ ಹೋಗುವುದು ಅವರವರ ದಣಿವು ಮಾತ್ರವೇನೋ. ಇನ್ನೊಬ್ಬರದು ನಿದ್ದೆಗೂ ಕರಗುವುದಿಲ್ಲ. ಚಳಿಗಾಲ ಬರುವ ಹೊತ್ತಿಗೆ ಅವಳು ಏಳುವುದನ್ನು ಬಿಟ್ಟಳು. ಮುಂಜಾನೆ ನಾನು ಅವಳನ್ನು ಎತ್ತಿ ತಂದು ಗುಡಿಸಲ ಮುಂದೆ ಬಿಸಿಲಿಗೆ ಮಲಗಿಸುತ್ತಿದ್ದೆ. ಎಲುಬಷ್ಟೇ ಉಳಿದಿದ್ದ ಅವಳನ್ನು ಎತ್ತಲು ನನಗೆ ಕಾಶವ್ವನ ಸಹಾಯ ಬೇಕಾಗುತ್ತಿತ್ತು.

ಒಂದು ದಿನ ಕೆಲಸವಿರಲಿಲ್ಲ. ಬಿಸಿಲಲ್ಲಿ ಅವಳ ಪಕ್ಕ ಕೂತು ಅವಳ ಎರಡೂ ಅಂಗೈಗಳನ್ನು ನನ್ನ ಅಂಗೈಗಳ ಮೇಲೆ ಇಟ್ಟುಕೊಂಡೆ.

"ನಂದು ನನಗ ಕೊಡು ಅಕ್ಕಾ," ಅಂದೆ.

ಅವಳು ಕಣ್ಣು ತೆರೆದಳು. "ಯಾವುದು ನಿಂದು, ಯಾವುದು ಅಪ್ಪಂದು ಅಂತ ಹೆಂಗ ಆರಿಸಲೋ ತಮ್ಮಾ? ಎಲ್ಲಾ ಕೂಡಿ ಹೋಗೇತಿ."

"ಇದ್ದಷ್ಟು ಕೊಡು."

"ಹೋಗವಲ್ದು. ನೋಡೀನಿ," ಅಂದಳು. ನೋಡೀನಿ ಅಂದರೆ ಏನು, ಯಾವಾಗ ನೋಡಿದ್ದಳು, ಯಾರ ಕೈ ಹಿಡಿದು ನೋಡಿದ್ದಳು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅದರ ಬದಲು, ಹದಿನೇಳು ವರ್ಷ ಗಂಟಲಲ್ಲಿದ್ದದ್ದು ಹೊರಗೆ ಬಂತು. ದುರಗಪ್ಪ ನಿನ್ನನ್ನು ಕೇಳಿದ್ದ, ನಾನು ನಿನಗೆ ಹೇಳದೆ, ನೀನು ಒಲ್ಲೆ ಅಂದೆ ಅಂತ ಸುಳ್ಳು ಹೇಳಿ ಕಳಿಸಿದೆ ಎಂದೆ.

"ಗೊತ್ತೈತಿ," ಅಂದಳು. "ಅಂವ ಹೋಗೋ ಮುಂದ ನಳದ ಕಡೆ ಬಂದಿದ್ದ. ನೀವು ಖರೇನ ಹಂಗಂದ್ರೇನು ಅಂತ ಕೇಳಿದ. ಹೂಂ ಅಂದೆ."

"ಯಾಕ ಹಂಗಂದಿ?"

"ಅಲ್ಲ ಅಂದಿದ್ರ ನೀ ಸುಳ್ಳಾಡಿದಾಂವ ಆಗ್ತಿದ್ದಿ ಅವನ ಮುಂದ."

"ಹೋಗಬೇಕು ಅನಸಿತ್ತೇನು ನಿನಗ?"

"ಅನಸಿತ್ತು," ಅಂದಳು. ಅಷ್ಟು ಹೇಳಿ, ಬಿಸಿಲಿಗೆ ಮುಖ ತಿರುಗಿಸಿ ನಿದ್ದೆ ಹೋದಳು. ನಾನು ಅವಳ ಕೈ ಬಿಡದೆ ಕೂತೆ. ನೆರಳು ಬಂದು ಅವಳ ಕಾಲು ಮುಟ್ಟುವವರೆಗೂ ಕೂತೆ. ನನ್ನ ಕೈಗೆ ಏನೂ ಬರಲಿಲ್ಲ.

ಎಂಟು ದಿನದ ಮೇಲೆ, ಮಲ್ಲವ್ವ ಹಣೆಗೆ ಎಣ್ಣೆ ಹಚ್ಚುತ್ತಿದ್ದಾಗ, ಅಕ್ಕನ ಉಸಿರು ನಿಂತಿತು.

ಸಾವಿಗೆ ಯಾರೂ ಬರಲಾರರು ಎಂದುಕೊಂಡಿದ್ದೆ. ಬಂದರು. ಅವತ್ತು ವಾರದ ರಜೆ. ಚಾಳದಿಂದ ಹದಿನೈದು ಇಪ್ಪತ್ತು ಗಂಡಸರು ಬಂದರು. ಬೈದವರೇ ಬಿದಿರು ತಂದು ಚಟ್ಟ ಕಟ್ಟಿದರು. ನಾಲ್ಕು ಜನ ಹೆಗಲು ಕೊಟ್ಟು ಏಳಲು ನೋಡಿದರು, ಏಳಲಾಗಲಿಲ್ಲ. ಆರು ಜನ ಆದರು. ಎಂಟು ಜನ ಸೇರಿ ಎತ್ತಿದಾಗ ಬಿದಿರು ಬಾಗಿತು. ಹೆಣದ ಮುಖ ನೋಡಿದರೆ ಒಂದು ಹಿಡಿಯಷ್ಟು ಕಾಣುತ್ತಿತ್ತು. ಮಣ್ಣಿನ ಜಾಗಕ್ಕೆ ಅರ್ಧ ಹರದಾರಿ. ಹತ್ತು ಹೆಜ್ಜೆಗೊಮ್ಮೆ ಹೆಗಲು ಬದಲಿಸಿದರು, ನಡುವೆ ಎರಡು ಕಡೆ ಇಳಿಸಿದರು. ಎರಡನೆಯ ಸಲ ಇಳಿಸಿದಾಗ ಮುಕಾದಮ ರುದ್ರಗೌಡರು ಬೆವರು ಒರೆಸಿಕೊಳ್ಳುತ್ತ, "ಹೆಂಗಸರ ಹೆಣ ಯಾವಾಗ್ಲೂ ಹಿಂಗ," ಎಂದರು. ಒಂದಿಬ್ಬರು ಹೌದೆಂದು ತಲೆ ಆಡಿಸಿದರು. ಕುಣಿಗೆ ಇಳಿಸಿ ಮಣ್ಣು ಕೊಡುವ ಹೊತ್ತಿಗೆ ಹೊತ್ತು ಇಳಿದಿತ್ತು. ಎಲ್ಲರ ಹೆಗಲ ಮೇಲೂ ಕೆಂಪು ಬಾಸುಂಡೆ ಎದ್ದಿದ್ದವು.

ಬಂದವರಿಗೆ ಕೈ ಮುಗಿದು ಬೀಳ್ಕೊಡುವುದು ನಮ್ಮ ಕಡೆಯ ರೀತಿ. ಅವರ ಜೊತೆ ಚಾಳದವರೆಗೂ ನಡೆದುಹೋದೆ. ಅವರು ಕಾಲೆಳೆಯುತ್ತಿದ್ದರು. ಓಣಿ ಸೇರಿದ ಮೇಲೆ ಒಬ್ಬೊಬ್ಬರೂ ಅವರವರ ಬಾಗಿಲಿಗೆ ಹೋಗಿ, ಹೊರಗಿನ ನೀರಲ್ಲಿ ಕೈಕಾಲು ತೊಳೆದು, ಹೊಸ್ತಿಲ ಮೇಲೆ ಕೂತರು. ಒಳಗಿಂದ ಹೆಂಗಸರು ಬಂದರು. ಆ ಸಾಲಿನಲ್ಲಿ ಶಿವಗಂಗವ್ವನ ಗಂಡನೂ ಕೂತಿದ್ದ. ಚಟ್ಟದ ಮುಂದಿನ ಬಲಗಡೆಗೆ ಬಹಳ ಹೊತ್ತು ಹೆಗಲು ಕೊಟ್ಟವನು ಅವನೇ. ಅವಳು ಕೂಸನ್ನು ಚಾಪೆಯ ಮೇಲೆ ಬಿಟ್ಟು, ಅವನ ಎದುರು ಕುಕ್ಕರುಗಾಲಲ್ಲಿ ಕೂತು ಕೈ ಮುಂದೆ ಮಾಡಿದಳು.

ನಾನು ಹತ್ತಿರ ಹೋದೆ. "ಬ್ಯಾಡವ್ವಾ," ಅಂದೆ. "ಇದೊಂದು ದಿವಸ ತಗೋಬ್ಯಾಡ. ಇದು ಅಕ್ಕನ್ನ ಹೊತ್ತ ದಣಿವು."

ಗಂಡ ನನ್ನ ಮುಖ ನೋಡಿದ, ಆಮೇಲೆ ಅವಳ ಮುಖ ನೋಡಿದ. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನಿಗೂ ನಿಜವಾಗಿ ಸುಸ್ತಾಗಿತ್ತು. ಶಿವಗಂಗವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಗೊತ್ತೈತಿ ಅಣ್ಣಾ," ಅಂದಳು. "ನಾಳೆ ಮುಂಜಾನಿ ಪಾಳಿ ಐತಿ ಇವರಿಗೆ." ಅವನ ಎರಡೂ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದಳು.